ಪಂಕಜಳ ದನಿ ಶಾಲೆಗೆ ಹೋದದ್ದು

ನಮ್ಮ ಊರಿನಲ್ಲಿ ಬೆನ್ನ ಹಿಂದೆ ಯಾರಾದರೂ ಕರೆದರೆ ಉತ್ತರ ಕೊಡುವ ಮೊದಲು ತಿರುಗಿ ನೋಡಬೇಕು. ದನಿ ಕೇಳಿ ಮನುಷ್ಯರನ್ನು ಗುರುತು ಹಿಡಿಯುವ ಕಾಲ ಮುಗಿಯಿತು. ಗಂಟಲ ಜ್ವರ ಬಂದಮೇಲೆ ಹೀಗಾಗಿದೆ. ಯಾರಿಂದ ಜ್ವರ ಅಂಟುತ್ತದೋ ಅವರ ದನಿ ನಮಗೆ ಬರುತ್ತದೆ, ನಮ್ಮ ದನಿ ಅವರಿಗೆ ಹೋಗುತ್ತದೆ. ಜ್ವರ ಇಳಿದ ಬೆಳಿಗ್ಗೆ ಬಾಯಿ ತೆರೆದಾಗಲೇ ಗೊತ್ತಾಗುವುದು, ಅಂಟಿಸಿದವರು ಯಾರು ಅಂತ. ಇದರಿಂದ ಮೊದಮೊದಲು ಸಾಕಷ್ಟು ಮನೆಗಳಲ್ಲಿ ಜಗಳವಾಯಿತು. ಹಾಲಿನ ಸೊಸೈಟಿಯ ಗುಮಾಸ್ತ, ತಾನು ಲಾಕ್‌ಡೌನಿನಲ್ಲಿ ಹೊಸಿಲು ದಾಟಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದು ಹೂ ಮಾರುವ ಕಮಲಿಯ ದನಿಯಲ್ಲಿ. ನಮ್ಮ ಹಿಂದಿನ ಬೀದಿಯ ಗಂಡಹೆಂಡಿರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಅಂಟಿತ್ತು. ಅವರ ಮನೆಯಲ್ಲಿ ಮಾತ್ರ ಜಗಳ ನಿಂತಿತು. ತನ್ನ ದನಿಯಲ್ಲೇ ತನ್ನನ್ನು ಬೈಸಿಕೊಳ್ಳುವುದು ಇಬ್ಬರಿಗೂ ಆಗಿಬರಲಿಲ್ಲ.

ಆಮೇಲೆ ಜನ ಹೊಂದಿಕೊಂಡರು. ಫೋನಿನಲ್ಲಿ ಸಾಲ, ಸಂಬಂಧ, ಸಾವು ಈ ಮೂರನ್ನು ಮಾತಾಡುವುದು ಬಿಟ್ಟರು. ಬಾಗಿಲು ಬಡಿದವರು ಕಿಟಕಿಗೆ ಬಂದು ಮುಖ ತೋರಿಸತೊಡಗಿದರು. ಜ್ವರ ಎರಡನೇ ಸಲ ಬಂದರೆ ದನಿ ಮತ್ತೆ ಬದಲಾಗುತ್ತದೆ ಎಂದು ತಿಳಿದ ಮೇಲೆ ಒಳ್ಳೆಯ ದನಿ ಸಿಕ್ಕವರು ಮನೆಯೊಳಗೆ ಉಳಿದರು, ಕೆಟ್ಟದ್ದು ಸಿಕ್ಕವರು ಮಾಸ್ಕು ಕೆಳಗಿಳಿಸಿಕೊಂಡು ಸಂತೆಯಲ್ಲಿ ಓಡಾಡಿದರು. ಎಲ್ಲರಿಗೂ ಜ್ವರ ಇಳಿಯಲಿಲ್ಲ. ವಯಸ್ಸಾದವರು, ಉಬ್ಬಸದವರು, ಯಾವ ಕಾಯಿಲೆಯೂ ಇಲ್ಲದ ಕೆಲವರು ಸತ್ತರು. ನಮ್ಮ ಅಕ್ಕ ಪಂಕಜ ಯಾವ ಕಾಯಿಲೆಯೂ ಇಲ್ಲದವರ ಪೈಕಿ.

ಹಾಸ್ಟೆಲ್ ಮುಚ್ಚಿದ್ದರಿಂದ ನಾನಾಗ ಊರಿಗೆ ಬಂದಿದ್ದೆ. ನಮ್ಮ ಅಪ್ಪ ತೀರಿಕೊಂಡ ಮೇಲೆ ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲೇ. ಹಾಗಾಗಿ ನಾನೂ ಅಲ್ಲಿಗೇ ಹೋದೆ. ಅಕ್ಕ, ಭಾವ, ಅವರ ಎಂಟು ವರ್ಷದ ಮಗಳು ಬಿಂದು, ಅಮ್ಮ, ನಾನು. ಅಕ್ಕನಿಗೆ ಜ್ವರ ಬಂತು, ಅದು ಇಳಿದು ದನಿ ಬದಲಾಗುವ ಮೊದಲೇ ಅವಳಿಂದ ಬಿಂದುವಿಗೆ ಅಂಟಿತು. ಬಿಂದುವಿಗೆ ಬೇಗ ಇಳಿಯಿತು. ಎದ್ದು ಕೂತು ಅವಳು ನೀರು ಕೇಳಿದ್ದು ಅವರಮ್ಮನ ದನಿಯಲ್ಲಿ. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಅಕ್ಕನ ಬಾಯಿಂದ ಎಂಟು ವರ್ಷದ ಹುಡುಗಿಯ ದನಿ ಬರುತ್ತಿತ್ತು. ವಾರ್ಡಿಗೆ ಮಗುವನ್ನು ಕರೆತಂದವರು ಯಾರು ಎಂದು ನರ್ಸ್ ಬಂದು ನಮ್ಮ ಭಾವನಿಗೆ ಬೈದಳಂತೆ. ಎರಡು ದಿನ ಬಿಟ್ಟು ಅಕ್ಕ ಸತ್ತಳು. ಬಿಂದುವಿನ ದನಿ ಅವಳ ಜೊತೆ ಹೋಯಿತು, ಅವಳದ್ದು ಬಿಂದುವಿನ ಹತ್ತಿರ ಉಳಿಯಿತು.

ಮೊದಲು ಶುರುಮಾಡಿದ್ದು ಅಮ್ಮ. ಒಂದು ದಿನ ಅವಳು ಹಾಲು ಕಾಯಲು ಇಟ್ಟು ಹಜಾರದಲ್ಲಿ ಕೂತಿದ್ದಾಗ ಒಳಗಿನಿಂದ ಬಿಂದು, ಅಜ್ಜಿ ಹಾಲು ಉಕ್ತಿದೆ ಎಂದು ಕೂಗಿದಳು. ಅಮ್ಮ ಹಾಲು ಇಳಿಸಲಿಲ್ಲ, ಬಿಂದುವಿನ ಕೈ ಹಿಡಿದುಕೊಂಡು ಇನ್ನೊಂದು ಸಲ ಹೇಳು ಎಂದಳು. ಅಜ್ಜಿ ಅನ್ನಬೇಡ, ಅಮ್ಮ ಅನ್ನು ಎಂದಳು. ಬಿಂದು ಹೇಳಿದಳು. ಅಂದಿನಿಂದ ದಿನಾ ಬೆಳಿಗ್ಗೆ ಹಾಲು ಕಾಯುವಾಗ ಆ ಮಾತು ಹೇಳುವುದು ಬಿಂದುವಿನ ಕೆಲಸವಾಯಿತು. ಹಾಲು ಉಕ್ಕಲಿ, ಉಕ್ಕದಿರಲಿ.

ಭಾವನದ್ದು ಸಂಜೆ. ಅವರ ಹೆಸರು ರುದ್ರೇಶ, ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ಸುತ್ತುವ ಅಂಗಡಿ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಹೆಚ್ಚು ಮಾತಾಡುವ ಮನುಷ್ಯ ಅಲ್ಲ. ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಡುವಾಗ ಅಕ್ಕ ಒಳಗಿನಿಂದ, ರೀ ಬಂದ್ರಾ ಎನ್ನುತ್ತಿದ್ದಳು. ಈಗ ಅವರು ಚಪ್ಪಲಿ ಬಿಟ್ಟು ಹೊಸಿಲ ಹೊರಗೇ ನಿಲ್ಲತೊಡಗಿದರು. ಬಿಂದು, ರೀ ಬಂದ್ರಾ ಎಂದಮೇಲೆ ಒಳಗೆ ಬರುವುದು. ಅಪ್ಪನನ್ನು ಮಗಳು ಹಾಗೆ ಕರೆಯುವುದು ಕೇಳಿ ನನಗೆ ಮೈ ಜುಂ ಅಂತಿತ್ತು. ಆದರೆ ಆ ಮನೆಯಲ್ಲಿ ಅದು ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ಅಕ್ಕನ ಗೆಳತಿಯರು ಕೋಡುಬಳೆ, ರವೆಉಂಡೆ ತಂದುಕೊಟ್ಟು ತಮ್ಮ ತಮ್ಮ ಹೆಸರನ್ನು ಒಂದು ಸಲ ಕರೆಸಿಕೊಂಡು ಹೋಗುತ್ತಿದ್ದರು. ಬಿಂದು ಅಂಗಡಿಗೆ ಹೋಗಿ ಸಾಸಿವೆ ತಂದುಕೊಡುವ ಹಾಗೆ ಕರೆದುಕೊಡುತ್ತಿದ್ದಳು.

ನಾನು ಏನನ್ನೂ ಹೇಳಿಸಿಕೊಳ್ಳಲಿಲ್ಲ. ಅದು ನನ್ನ ಒಳ್ಳೆಯತನ ಅಲ್ಲ. ಅಕ್ಕನಿಗೂ ನನಗೂ ಚಿಕ್ಕಂದಿನಿಂದ ಜಗಳ. ಆ ದನಿಯಲ್ಲಿ ನಾನು ಕೇಳಿದ್ದೆಲ್ಲ ಬೈಗುಳವೇ. ಬಿಂದು ಹಿಂದಿನಿಂದ ಚಿಕ್ಕೀ ಎಂದರೆ ನಾನೇನು ತಪ್ಪು ಮಾಡಿದೆ ಎಂದು ಒಂದು ಕ್ಷಣ ಯೋಚಿಸುತ್ತಿದ್ದೆ.

ಇದರಿಂದ ಲಾಭವಿದೆ ಎಂದು ಬಿಂದು ಬೇಗ ಕಂಡುಕೊಂಡಳು. ಅಪ್ಪಾ ಹತ್ತು ರೂಪಾಯಿ ಕೊಡು ಎಂದರೆ ಸಿಗುತ್ತಿರಲಿಲ್ಲ. ರೀ, ಹತ್ತು ರೂಪಾಯಿ ಕೊಟ್ಟಿರ್ರಿ ಎಂದರೆ ಭಾವನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಸ್ವಲ್ಪ ದಿನ ಅವಳು ಐಸ್‌ಕ್ಯಾಂಡಿ ಮೇಲೆ ಐಸ್‌ಕ್ಯಾಂಡಿ ತಿಂದಳು. ಆಮೇಲೆ ಅದೂ ಸಾಕಾಯಿತೋ ಏನೋ, ಮಾತು ಕಡಿಮೆ ಮಾಡಿದಳು. ಅನ್ನ ಬೇಕಾದರೆ ತಟ್ಟೆ ಮುಂದಕ್ಕೆ ತಳ್ಳುವುದು, ಬೇಡವಾದರೆ ಕೈ ಅಡ್ಡ ಹಿಡಿಯುವುದು. ಹಾಲಿನ ಮಾತು, ಚಪ್ಪಲಿಯ ಮಾತು ಎರಡನ್ನೂ ಒಪ್ಪಿಸಿ ಮೂಲೆಯಲ್ಲಿ ಕೂತು ಗೋಡೆಯ ಸುಣ್ಣ ಉಗುರಿನಲ್ಲಿ ಕೆರೆಯುತ್ತಿದ್ದಳು. ನಾನು ಒಂದು ದಿನ ಅವಳ ಹಳೇ ಪುಸ್ತಕ ತೆಗೆದು ಓದಿಸಿ ನೋಡಿದೆ. ಒತ್ತಕ್ಷರ ಬಂದ ಕಡೆಯೆಲ್ಲ ಹಾರಿಸಿದಳು. ಕಳೆಯುವ ಲೆಕ್ಕ ಕೊಟ್ಟರೆ ಎಲ್ಲವನ್ನೂ ಕೂಡಿಸಿದಳು. ಶಾಲೆ ಮುಚ್ಚಿ ಒಂದೂವರೆ ವರ್ಷವಾಗಿತ್ತು.

ಆ ಹೊತ್ತಿಗೆ ಶಾಲೆ ತೆರೆಯುವ ಮಾತು ಬಂತು. ಶಾಲೆಯ ಅಂಗಳದಲ್ಲಿ ಸಭೆ ಕರೆದರು. ಭಾವ ಅಂಗಡಿ ಬಿಟ್ಟು ಬರಲಿಲ್ಲ, ನಾನು ಹೋದೆ. ಹೆಡ್‌ಮಾಸ್ತರ್ ಸಿದ್ದಲಿಂಗಪ್ಪನವರು ಒಂದು ಕಾಲದಲ್ಲಿ ಗೇಟಿನಲ್ಲಿ ನಿಂತು ಗದರಿದರೆ ಮೈದಾನದ ಆ ತುದಿಯ ಹುಡುಗರು ಓಡುವುದು ನಿಲ್ಲಿಸುತ್ತಿದ್ದರು. ಈಗ ಅವರಿಗೆ ಬಂದಿದ್ದದ್ದು ಬಳೆಗಾರ್ತಿಯೊಬ್ಬಳ ದನಿ. ಪ್ರಿಯ ಪೋಷಕರೇ ಎಂದ ಕೂಡಲೇ ಹಿಂದಿನ ಸಾಲಿನ ಯಾರೋ, ಹಸಿರು ಗಾಜಿಂದು ಒಂದ್ ಡಜನ್ ಕೊಡಮ್ಮ ಎಂದರು. ಮಾಸ್ತರರು ನಗುವವರೆಲ್ಲ ನಕ್ಕು ಮುಗಿಸಲಿ ಎಂದು ಕಾದು ಮುಂದುವರಿಸಿದರು. ಆ ಕಾಯುವಿಕೆ ಅವರಿಗೆ ಅಭ್ಯಾಸವಾಗಿರುವುದು ಕಾಣುತ್ತಿತ್ತು.

ಸಭೆಗೆ ಬಂದಿದ್ದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು ಇಷ್ಟು. ಮಕ್ಕಳಿಗೆ ಜ್ವರ ಬಂದರೂ ಹಗುರವಾಗಿ ಬರುತ್ತದೆ. ಆದರೆ ಅದನ್ನು ಮನೆಗೆ ತರುತ್ತಾರೆ, ಮನೆಯಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ದನಿಯ ವಿಷಯ ತನಗೆ ಗೊತ್ತಿಲ್ಲ, ಅದಕ್ಕೆ ಔಷಧಿಯೂ ಇಲ್ಲ. ಅಲ್ಲಿಂದ ಗಲಾಟೆ ಶುರುವಾಯಿತು. ಒಬ್ಬರು ತಮ್ಮ ಮಗನಿಗೆ ಸಂಗೀತಕ್ಕೆ ಸೇರಿಸುವಂಥ ದನಿ ಬಂದಿದೆ, ಅದು ಹೋದರೆ ಯಾರು ಜವಾಬ್ದಾರಿ ಎಂದರು. ಇನ್ನೊಬ್ಬರು ತಮ್ಮ ಮಗಳಿಗೆ ಈಗಾಗಲೇ ಮೂರು ಸಲ ಬದಲಾಗಿದೆ, ಇನ್ನು ಮೂರು ಸಲ ಆದರೂ ಚಿಂತೆಯಿಲ್ಲ, ಅವಳು ತನ್ನ ಹೆಸರು ಬರೆಯುವುದನ್ನು ಮರೆತಿದ್ದಾಳೆ ಎಂದರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಹುಸೇನ್ ಸಾಬರು ಎದ್ದು ನಿಂತು, ನನ್ನ ಮಗಳು ದಿನಾ ಹತ್ತಿ ಧೂಳು ಕುಡೀತಾ ಕೂತಿದಾಳೆ ಸಾ, ಯಾವ ರೋಗ ಆದ್ರೇನು, ಶಾಲೇದೇ ಬರಲಿ ಎಂದು ಕೂತರು.

ಕೊನೆಗೆ ಅವರವರ ಮನೆಯ ತೀರ್ಮಾನ ಅವರವರದು ಎಂದಾಯಿತು. ಮಗುವನ್ನು ಕಳಿಸುವವರು ಸೋಮವಾರ ಬೆಳಿಗ್ಗೆ ಅದರ ಶಾಲೆಯ ಚೀಲವನ್ನು ಬೀದಿ ಬಾಗಿಲಿನ ಹೊರಗೆ ಮೊಳೆಗೆ ನೇತುಹಾಕಬೇಕು. ಟೀಚರು ಬೀದಿ ಬೀದಿ ಬಂದು ಚೀಲವಿದ್ದ ಮನೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುತ್ತಾರೆ, ಹೆಸರು ಕೂಗುವುದಿಲ್ಲ. ಗೊತ್ತಿರುವ ದನಿ ಕೇಳಿ ಮಕ್ಕಳು ಗೊತ್ತಿಲ್ಲದವರ ಹಿಂದೆ ಹೋದದ್ದು ಊರಿನಲ್ಲಿ ಎರಡು ಸಲ ಆಗಿತ್ತು.

ಮನೆಗೆ ಬಂದು ಹೇಳಿದೆ. ಅಮ್ಮ ಬೇಡ ಎಂದಳು. ಅವಳ ಉಬ್ಬಸದ ಕಾರಣ ಕೊಡುತ್ತಾಳೆ ಎಂದುಕೊಂಡಿದ್ದೆ, ಅದು ನಿಜವಾದ ಕಾರಣವೂ ಆಗಿತ್ತು. ಆದರೆ ಅವಳು ತನ್ನ ಉಸಿರಿನ ಸುದ್ದಿಯನ್ನೇ ಎತ್ತಲಿಲ್ಲ. ಪಂಕಿ ದನೀನ ಯಾವನೋ ಮೂಗು ಸೋರೋ ಹುಡುಗನಿಗೆ ಕೊಟ್ಟು ಬರ್ತಾಳೆ ಎಂದಳು. ಭಾವ ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಜ್ವರ ಇರಲ್ವಾ ಎಂದು ಕೇಳಿದೆ. ನೋಡೋಣ ಎಂದು ಅದನ್ನೇ ಹೇಳಿದರು. ಅವಳಿಗೆ ಓದಲು ಬರುತ್ತಿಲ್ಲ ಎಂದೆ. ನೀನಿದ್ದೀಯಲ್ಲ, ನೀನೇ ಹೇಳಿಕೊಡು ಎಂದರು. ನಾನು ಹಾಸ್ಟೆಲ್ ತೆರೆದರೆ ಹೋಗುವವಳು. ಅದನ್ನೂ ಹೇಳಿದೆ. ಅಮ್ಮ, ನಿನಗೆ ಅಕ್ಕ ಬೇಡವಾಗಿದ್ದಳು, ಅವಳ ದನಿಯೂ ಬೇಡ ಎಂದಳು. ಅರ್ಧ ನಿಜ.

ಈ ಚರ್ಚೆ ಭಾನುವಾರದ ತನಕ ನಡೆಯಿತು. ಬಿಂದು ಅಲ್ಲೇ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲ ಅವಳಾಗಿಯೇ, ನಾನು ಹೋಗ್ತೀನಿ ಎಂದಳು. ನೀನು ಸುಮ್ನಿರು, ನಿಂಗೇನು ಗೊತ್ತಾಗುತ್ತೆ ಎಂದು ಅಮ್ಮ ಗದರಿದಳು. ಭಾನುವಾರ ಮಧ್ಯಾಹ್ನ ಊಟ ಮುಗಿದು ಭಾವ ಕೈ ತೊಳೆದುಕೊಂಡು ಬಂದು ಕೂತರು. ಎಲ್ಲರೂ ದಣಿದಿದ್ದೆವು. ಆಗ ಭಾವ ಯಾರ ಮುಖವನ್ನೂ ನೋಡದೆ, ಅವಳು ಇದ್ದಿದ್ರೆ ಏನು ಹೇಳ್ತಿದ್ಲೋ ಎಂದರು.

ಬಿಂದು ಗೋಡೆ ಬಿಟ್ಟು ನೆಟ್ಟಗೆ ಕೂತಳು. ಸೆರಗು ಇಲ್ಲದಿದ್ದರೂ ಅಕ್ಕ ಸೆರಗು ಎಳೆದುಕೊಳ್ಳುವ ಹಾಗೆ ಭುಜ ಒರೆಸಿಕೊಂಡಳು. ಯಾರೂ ಹೇಳು ಎಂದಿರಲಿಲ್ಲ.

"ರೀ, ಮಗೂನ ಶಾಲೆಗೆ ಕಳಿಸ್ರಿ. ಮನೇಲಿ ಕೂತು ಕೂತು ಹಾಳಾಗ್ತಿದಾಳೆ. ನಾನು ಹೇಳೋದು ನೀವು ಯಾವತ್ತು ಕೇಳಿದೀರಿ."

ಆ ಕೊನೆಯ ಮಾತು ಅಕ್ಕ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದದ್ದು. ನಾನು ಹೇಳಿಕೊಟ್ಟಿರಲಿಲ್ಲ, ಅಮ್ಮ ಇವತ್ತಿಗೂ ನಂಬುವುದಿಲ್ಲ. ಭಾವ ತಲೆ ತಗ್ಗಿಸಿ, ಹೂಂ ಕಣೆ ಎಂದರು. ಹಾಗೆಂದು ಎದ್ದು ಸುತ್ತಿಗೆ ಹುಡುಕಿದರು. ನಮ್ಮ ಬೀದಿ ಬಾಗಿಲಿನ ಹೊರಗೆ ಮೊಳೆ ಇರಲಿಲ್ಲ. ಅವರು ಹೊಡೆಯುತ್ತಿದ್ದಾಗ ಅಮ್ಮ ತಡೆಯಲಿಲ್ಲ, ತಡೆಯಬೇಕು ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಮೊಳೆ ಹೊಡೆದಾಗಿತ್ತು. ನಾನು ಬಿಂದುವನ್ನೇ ನೋಡುತ್ತಿದ್ದೆ. ಬಿಂದುವಾಗಿ ಕೇಳಿದರೆ ಈ ಮನೆಯಲ್ಲಿ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಐಸ್‌ಕ್ಯಾಂಡಿಗೆ ಕಲಿತ ವಿದ್ಯೆಯನ್ನು ಶಾಲೆಗೂ ಬಳಸಿದಳು, ಅಷ್ಟೆ. ಆದರೆ ಆ ದನಿಯನ್ನು ಕಳೆದುಕೊಳ್ಳಬಹುದಾದ ಜಾಗಕ್ಕೆ ಹೋಗಲು ಆ ದನಿಯನ್ನೇ ಖರ್ಚು ಮಾಡಿದಳಲ್ಲ, ಅದು ಮಾತ್ರ ನನಗೆ ಆಶ್ಚರ್ಯ. ಇವಳು ಯೋಚಿಸಿ ಮಾಡಿದಳೋ ಹಾಗೇ ಮಾಡಿದಳೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ.

ಸೋಮವಾರದಿಂದ ಹೋದಳು. ಬೆಂಚಿಗೆ ಒಬ್ಬರಂತೆ ಕೂರಿಸುತ್ತಿದ್ದರು. ಹಾಜರಿಗೆ ಎದ್ದು ನಿಂತು ಮುಖ ತೋರಿಸಬೇಕು. ಮಕ್ಕಳು ಪ್ರಶ್ನೆಗೆ ಉತ್ತರ ಹೇಳಿದರೆ ತರಗತಿಯೊಳಗೆ ಮುದುಕರು, ಹೆಂಗಸರು, ಲಾರಿ ಡ್ರೈವರುಗಳು ಎಲ್ಲ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ನಾನು ಸಂಜೆ ಬಿಂದುವನ್ನು ಕರೆತರಲು ಸ್ವಲ್ಪ ಮುಂಚೆಯೇ ಹೋಗಿ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ಬಿಂದುವಿನ ಸರದಿ ಬಂದಾಗ ನಮ್ಮ ಅಕ್ಕ ಏಳರ ಮಗ್ಗಿಯಲ್ಲಿ ತಪ್ಪುತ್ತಿದ್ದಳು. ಯಾರೂ ಅಳುತ್ತಿರಲಿಲ್ಲ, ಯಾರೂ ಇನ್ನೊಂದು ಸಲ ಹೇಳು ಎನ್ನುತ್ತಿರಲಿಲ್ಲ. ಟೀಚರು ತಪ್ಪು ಎಂದು ಕೂರಿಸುತ್ತಿದ್ದರು.

ಮಕ್ಕಳು ನಡೆಸಿದ್ದ ವ್ಯವಹಾರ ನನಗೆ ಗೊತ್ತಾದದ್ದು ಬಿಸಿಯೂಟದ ಮಹದೇವಕ್ಕನಿಂದ. ಅವಳು ಪಾತ್ರೆ ಬೋರಲು ಹಾಕುತ್ತಾ, ಈ ಮಕ್ಕಳು ಗೋಲಿ ಆಡಲ್ಲ, ಗಂಟಲು ಆಡ್ತಾವೆ ಎಂದಳು. ನಿಧಾನವಾಗಿ ಕೇಳಿ ತಿಳಿದುಕೊಂಡೆ. ಯಾರಿಗಾದರೂ ಮೈ ಬಿಸಿಯಾದರೆ ಅದು ಟೀಚರಿಗೆ ಗೊತ್ತಾಗುವ ಮೊದಲು ಮಕ್ಕಳಿಗೆ ಗೊತ್ತಾಗುತ್ತಿತ್ತು. ಆ ಮಗುವಿನ ದನಿ ಬೇಕಾದವರು ಅದು ಕಚ್ಚಿದ ಸೀಬೆಕಾಯಿ ಕಚ್ಚುತ್ತಿದ್ದರು, ಅದರ ಬಾಟಲಿಯ ನೀರು ಕುಡಿಯುತ್ತಿದ್ದರು. ಮೊದಲೇ ಮಾತಾಗಿರುತ್ತಿತ್ತು. ಐದನೇ ಕ್ಲಾಸಿನವನೊಬ್ಬನ ಹತ್ತಿರ ಬಸ್ ಕಂಡಕ್ಟರರ ದನಿಯಿತ್ತು, ಅದಕ್ಕೆ ಬಹಳ ಬೇಡಿಕೆ. ಮದುವೆಯಾದ ಹೆಂಗಸರ ದನಿಗೂ ಬೆಲೆ ಚೆನ್ನಾಗಿತ್ತು, ಅದರಲ್ಲಿ ಕೂಗಿದರೆ ಹಾದಿಯಲ್ಲಿ ಹೋಗುವ ಗಂಡಸರು ಬೆಚ್ಚಿ ತಿರುಗುತ್ತಿದ್ದರಂತೆ. ದೊಡ್ಡವರು ಮನೆಯೊಳಗೆ ಕೂತು ಕಾಪಾಡಿದ್ದನ್ನು ಇವರು ಪೆನ್ಸಿಲಿನ ಹಾಗೆ ಬದಲಾಯಿಸಿಕೊಳ್ಳುತ್ತಿದ್ದರು. ನಾನು ಹೆಡ್‌ಮಾಸ್ತರರಿಗೆ ಹೇಳಬೇಕಿತ್ತೇನೋ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡುವ ಕುತೂಹಲಕ್ಕೆ ಸುಮ್ಮನಿದ್ದೆ. ಮಹದೇವಕ್ಕ ಸುಮ್ಮನಿರಲಿಲ್ಲ, ಹೇಳಿದಳು. ಸೀಬೆಕಾಯಿ ತರುವುದು ಬಂದ್ ಆಯಿತು. ಅಷ್ಟರಲ್ಲಿ ಬಿಂದುವಿಗೆ ಜ್ವರ ಬಂದಿತ್ತು.

ಅಮ್ಮನನ್ನು ಪಕ್ಕದ ಮನೆಗೆ ಕಳಿಸಲು ನೋಡಿದೆವು. ಅವಳು ಹೋಗಲಿಲ್ಲ. ಬಿಂದುವನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ ನಾನು ಮಾಸ್ಕು ಹಾಕಿಕೊಂಡು ಜೊತೆಗಿದ್ದೆ. ಅಮ್ಮ ಮುಚ್ಚಿದ ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಕೂತಳು. ಅವಳ ಉಸಿರು ಒಳಗೆ ಕೇಳುತ್ತಿತ್ತು. ಜ್ವರ ಇಳಿಯುವುದರೊಳಗೆ ದನಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಿಂದೂ, ಒಂದ್ಸಲ ಕರಿಯೇ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಒಂದೇ ಸಲ ಎಂದಳು. ಬಿಂದು ಕಣ್ಣು ಮುಚ್ಚಿಕೊಂಡಿದ್ದಳು. ರೆಪ್ಪೆಗಳು ಅಲುಗುತ್ತಿದ್ದವು. ಮಲಗಿದಾಳೆ ಅಮ್ಮ ಎಂದೆ.

ಅಮ್ಮ ಔಷಧಿ ಎಳೆದುಕೊಳ್ಳಲು ಎದ್ದು ಹೋದಮೇಲೆ ಬಿಂದುವನ್ನು ಕೇಳಿದೆ, ಬೇಕಂತಲೇ ಅಂಟಿಸಿಕೊಂಡೆಯಾ ಎಂದು. ಅವಳು ಗೋಡೆಯ ಕಡೆ ಹೊರಳಿ ಮಲಗಿ ಪಿಸುಗುಟ್ಟಿದಳು. ಪಿಸುಮಾತಿನಲ್ಲಿ ಯಾರ ದನಿಯೂ ಇರುವುದಿಲ್ಲ ಎಂದು ನಾನು ಆವತ್ತು ಗಮನಿಸಿದೆ.

"ನಾನು ಅತ್ರೆ ಅಜ್ಜಿ ಓಡಿ ಬರ್ತಾಳೆ ಚಿಕ್ಕಿ. ಬಂದು, ಪಂಕೀ ಅಳಬೇಡ್ವೇ ಅಂತಾಳೆ. ನಾನು ಅಳ್ತಿರೋದು ಅಂತ ಯಾರಿಗೂ ಗೊತ್ತಾಗಲ್ಲ."

ನಾನು ಹಣೆಯ ಬಟ್ಟೆ ಬದಲಾಯಿಸಿದೆ.

ಜ್ವರ ಇಳಿದ ಬೆಳಿಗ್ಗೆ ಅವಳು ಕೋಣೆಯಿಂದ ಹೊರಗೆ ಬಂದು, ಹಸಿವಾಗ್ತಿದೆ ಎಂದಳು. ಒರಟಾದ, ಸ್ವಲ್ಪ ಒಡೆದ, ಚಿಕ್ಕ ಹುಡುಗಿಯ ದನಿ. ಮನೆಯಲ್ಲಿ ಯಾರೂ ಕೇಳಿದ್ದಲ್ಲ. ಅಮ್ಮ ತೊಳೆದಿಟ್ಟಿದ್ದ ಪಾತ್ರೆಗಳನ್ನು ಹಿತ್ತಲಿಗೆ ಒಯ್ದು ಮತ್ತೆ ತೊಳೆದಳು. ಭಾವ ತಿಂಡಿ ತಿನ್ನದೆ ಅಂಗಡಿಗೆ ಹೋದರು. ಬಿಂದು ನಾಲ್ಕು ದೋಸೆ ತಿಂದು, ತಿನ್ನುತ್ತಲೇ ಮಾತಾಡಿದಳು. ಶಾಲೆಯ ಬಾವಿಕಟ್ಟೆಯ ಓತಿಕ್ಯಾತನ ಕಥೆ, ಟೀಚರ ಸ್ಕೂಟರಿನ ಕಥೆ, ಯಾರೋ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡ ಕಥೆ. ತಿಂಗಳುಗಟ್ಟಲೆ ಕೂಡಿಟ್ಟಿದ್ದಳು ಅನ್ನಿಸುತ್ತದೆ. ಅಮ್ಮನಿಗೆ ಉಬ್ಬಸ ಹೆಚ್ಚಿತು, ಆದರೆ ಜ್ವರ ಬರಲಿಲ್ಲ. ಬಂದಿದ್ದರೆ ಈ ಕಥೆಯನ್ನು ನಾನು ಬೇರೆ ರೀತಿ ಹೇಳುತ್ತಿದ್ದೆ, ಕಳಿಸಿದ್ದೇ ತಪ್ಪು ಎನ್ನುತ್ತಿದ್ದೆ.

ದನಿ ಯಾರದು ಎಂದು ಬಿಂದು ಮುಚ್ಚಿಡಲಿಲ್ಲ. ಹುಸೇನ್ ಸಾಬರ ಮಗಳು ಜೈನಬಳದು. ಇಬ್ಬರೂ ಒಂದೇ ಕ್ಲಾಸು. ಜೈನಬಳಿಗೆ ಮೈ ಬಿಸಿಯಾದ ದಿನ ಇವಳು ಅವಳ ತಟ್ಟೆಯಲ್ಲಿ ಉಂಡಿದ್ದಳು. ಜೈನಬಳಿಗೆ ದೊಡ್ಡವರ ದನಿ ಬೇಕಿತ್ತಂತೆ, ಇವಳಿಗೆ ಸುಮ್ಮನೆ ಒಂದು ಹುಡುಗಿಯ ದನಿ ಸಾಕಿತ್ತಂತೆ.

ಆ ವಾರವೇ ಭಾವ ಹುಸೇನ್ ಸಾಬರ ಮನೆಗೆ ಹೊರಟರು. ಅವರ ಹತ್ತಿ ಹಿಂಜುವ ಯಂತ್ರದ ಮೋಟಾರು ಸುತ್ತಲು ಬಂದಿತ್ತು, ಅದನ್ನು ಕೊಟ್ಟು ಬರುವ ನೆಪ. ಯಾವತ್ತೂ ಯಾರ ಮನೆಗೂ ಮೋಟಾರು ಹೊತ್ತುಕೊಂಡು ಹೋದವರಲ್ಲ. ನಾನು ಬರ್ತೀನಿ ಭಾವ ಎಂದು ಹಿಂದೆಯೇ ಹೋದೆ. ಹುಸೇನ್ ಸಾಬರು ಹಾಸಿಗೆ ಸರಿಸಿ ಜಾಗ ಮಾಡಿ ಕೂರಿಸಿದರು, ಚಹಾ ಹೇಳಿದರು. ಮೋಟಾರಿನ ಮಾತು ಬೇಗ ಮುಗಿಯಿತು. ಭಾವ ಚಹಾದ ಲೋಟ ತಿರುಗಿಸುತ್ತಾ ಕೂತು ಕೊನೆಗೆ ಕೇಳಿದರು. ಜೈನಬ್ ಒಂದು ಸಲ, ಒಂದೇ ಸಲ, ರೀ ಬಂದ್ರಾ ಅಂತ ಹೇಳಬಹುದಾ, ನಾನು ಬಾಗಿಲ ಹೊರಗೆ ನಿಂತಿರ್ತೀನಿ ಎಂದರು. ಹುಸೇನ್ ಸಾಬರು ಹತ್ತಿಯ ಕಡೆ ನೋಡಿದರು. ಅವರ ಹೆಂಡತಿ ಮಾಬೂಬಿ ಒಳಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ನನ್ನ ಮಗಳು ಅಮ್ಮಾ ಅಂದ್ರೆ ನಂಗೆ ಯಾರೋ ಹೆಂಗಸು ಬಾಗಿಲಿಗೆ ಬಂದಂಗಾಗುತ್ತೆ. ಅದನ್ನೇ ಹೆಂಗೋ ತಡ್ಕೊಂಡಿದೀನಿ. ಅವಳಿಗೆ ಒಂಬತ್ತು ವರ್ಷ. ಒಬ್ಬ ಗಂಡಸನ್ನ ಅವಳು ರೀ ಅಂತ ಕರೀಬೇಕಾ? ನಿಮ್ಮ ಮಗಳಾಗಿದ್ರೆ ಕರೆಸ್ತಿದ್ರಾ?"

ಅವಳಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಭಾವ ಲೋಟ ಕೆಳಗಿಟ್ಟರು. ತಪ್ಪಾಯ್ತಮ್ಮ ಎಂದರು. ನಾನು ಹೇಳಬೇಕಾದ್ದನ್ನು ಮಾಬೂಬಿ ಹೇಳಿಯಾಗಿತ್ತು. ಮನೆ ತಲುಪಿದಾಗ ಚಪ್ಪಲಿ ಬಿಟ್ಟು ಹೊಸಿಲ ಹೊರಗೆ ನಿಂತರು, ಅಭ್ಯಾಸ. ಆಮೇಲೆ ತಾವಾಗಿ ಒಳಗೆ ಬಂದು, ಬಿಂದು ಎಲ್ಲಿ, ಮಗ್ಗಿ ಬಂತಾ ಅವಳಿಗೆ ಎಂದು ಕೇಳಿದರು.

ಅಮ್ಮ ಮಾತ್ರ ಬಿಂದುವಿನೊಂದಿಗೆ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಬಿಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಜ್ಜಿಯ ಬೆನ್ನ ಹಿಂದೆ ಹಿಂದೆ ತಿರುಗಿ ಆ ಒರಟು ದನಿಯಲ್ಲಿ ಶಾಲೆಯ ಸುದ್ದಿ ಹೇಳುತ್ತಿದ್ದಳು. ಹೀಗೆ ನಡೆಯುತ್ತಿರುವಾಗ ಒಂದು ಭಾನುವಾರ ಸಂಜೆ ಅಮ್ಮ ಅಡುಗೆಮನೆಯಲ್ಲಿ ಕೂತು ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದಳು. ಬೀದಿಯ ಕಡೆಯಿಂದ ನಮ್ಮ ಅಕ್ಕ, ಬಿಂದೂ ಇದಾಳಾ, ಆಟಕ್ಕೆ ಕಳಿಸ್ತೀರಾ ಎಂದಳು.

ಅಮ್ಮನ ಕೈ ನಿಂತಿತು. ಕಿಟಕಿಯಲ್ಲಿ ಜೈನಬಳ ಮುಖವಿತ್ತು. ಎರಡು ಜಡೆ, ತಲೆಗೂದಲಲ್ಲಿ ಹತ್ತಿಯ ಎಳೆ. ನಾನು ಒಳಗೆ ಕರೆದೆ. ಅವಳು ಬಂದು ಅಡುಗೆಮನೆಯ ಬಾಗಿಲಲ್ಲಿ ಒಂದು ಕಾಲಮೇಲೆ ನಿಂತಳು. ಅಮ್ಮ ಅವಳನ್ನು ನೋಡಲಿಲ್ಲ, ಗೋಡೆಯ ಕಡೆ ನೋಡುತ್ತಾ, ಕೂತ್ಕೋ ಪಂಕಿ ಎಂದಳು. ಜೈನಬ್ ನನ್ನ ಮುಖ ನೋಡಿ ಕೂತಳು. ಏನಾದ್ರೂ ಹೇಳು ಎಂದಳು ಅಮ್ಮ. ಏನು ಹೇಳಲಿ ಎಂದು ಕೇಳಿ ಜೈನಬ್ ತನಗೆ ತಿಳಿದದ್ದನ್ನು ಹೇಳಿದಳು. ಹಾಸಿಗೆಗೆ ಹಳೇ ಹತ್ತಿ ಕೊಟ್ಟು ಹೊಸದು ಅಂತ ಹೇಳುವ ಬೇರೆ ಅಂಗಡಿಯವರ ಮೋಸ, ತಮ್ಮ ಮನೆಯ ಆಡು ಒಂದು ದಿಂಬನ್ನು ತಿಂದು ಹೊಟ್ಟೆ ಉಬ್ಬಿಸಿಕೊಂಡದ್ದು, ಅದಕ್ಕೆ ಎಣ್ಣೆ ಕುಡಿಸಿದ್ದು. ಅಕ್ಕನಿಗೆ ಆಡು ಕಂಡರೆ ಆಗುತ್ತಿರಲಿಲ್ಲ. ಅಮ್ಮ ಗೋಡೆ ನೋಡಿಕೊಂಡೇ ಕೇಳುತ್ತಿದ್ದಳು. ಆಡಿನ ಹೊಟ್ಟೆಯಿಂದ ಹತ್ತಿ ಹೊರಬಂದ ಕಡೆ ಅವಳ ಬಾಯಿಂದ ಒಂದು ಸಣ್ಣ ನಗು ಬಂತು. ಬಂದದ್ದು ತಿಳಿದು ಜೈನಬಳ ಕಡೆ ತಿರುಗಿದಳು. ಆಗ ಮೊದಲ ಸಲ ಅವಳ ಮುಖ ಸರಿಯಾಗಿ ನೋಡಿದಳು ಎನ್ನಬೇಕು.

ಅಷ್ಟರಲ್ಲಿ ಬಿಂದು ಹಿತ್ತಲಿನಿಂದ ಬಂದಳು. ಗೆಳತಿ ಅಜ್ಜಿಯ ಮುಂದೆ ಕೂತಿರುವುದನ್ನು ನೋಡಿದಳು. ಅವಳಿಗೆ ಏನು ನಡೆಯುತ್ತಿದೆ ಎಂದು ಹೇಳಬೇಕಾಗಿರಲಿಲ್ಲ, ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಅವಳೇ ಕೂತಿದ್ದಳು. ಜೈನಬಳ ಕೈ ಹಿಡಿದು ಎಬ್ಬಿಸಿದಳು.

"ಅಜ್ಜಿ, ಅವಳು ಬಂದಿರೋದು ನನ್ನ ಹತ್ರ."

ಇಬ್ಬರೂ ಹೊಸಿಲು ದಾಟಿ ಓಡಿದರು. ಅವರು ಬೀದಿಗಿಳಿದ ಮೇಲೆ ಅಮ್ಮ ಎದ್ದಳು, ಒಂದು ತಟ್ಟೆಗೆ ಶೇಂಗಾ ಸುರಿದುಕೊಂಡು ಉಬ್ಬಸದ ಏದುಸಿರಿನಲ್ಲೇ ಬಾಗಿಲ ತನಕ ಹೋದಳು. ಯಾರ ಹೆಸರು ಹಿಡಿದು ಕೂಗುತ್ತಾಳೆ ಎಂದು ನಾನು ಹಿಂದೆ ನಿಂತು ನೋಡುತ್ತಿದ್ದೆ.

"ಲೇ ಜೈನಬೀ, ಶೇಂಗಾ ತಗೊಂಡು ಹೋಗೇ."

ಬೀದಿಯ ತಿರುವಿನಿಂದ ಅಕ್ಕನ ದನಿ ಬಂತು. "ಆಮೇಲೆ ಬರ್ತೀನಿ ಅಜ್ಜಿ."

ಅಮ್ಮ ತಟ್ಟೆಯನ್ನು ಒಳಗೆ ತಂದಿಟ್ಟು, ಇರುವೆ ಹತ್ತದ ಹಾಗೆ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.